ತಿಜಾನಿ ಮೇಷ್ಟ್ರ ಹೆಬ್ಬೆರಳು

ವಯಸ್ಸಾದ ಇಬ್ಬರ ಪ್ರೀತಿಯನ್ನು, ಅದೂ ಅವರು ಕಣ್ಣೆದುರೇ ಓಡಾಡಿಕೊಂಡಿರುವಾಗ, ಹೀಗೆ ಹೇಳಹೊರಡುವುದು ಸರಿಯೋ ತಪ್ಪೋ ತಿಳಿಯದು. ತಪ್ಪಾಗಿದ್ದರೆ ಕ್ಷಮೆಯಿರಲಿ. ಹೇಳದೆ ಒಳಗೇ ಇಟ್ಟುಕೊಳ್ಳಲು ಆಗಲಿಲ್ಲ.

ಕೆಫ್ ಊರಿನ ಶಾಲಾ ಮೈದಾನದಲ್ಲಿ ಆ ಏಪ್ರಿಲ್ ಬೆಳಿಗ್ಗೆ ಎಲ್ಲರೂ ಓಟ ನೋಡುತ್ತಿದ್ದರು. ಮದಾಮ್ ಮನ್ನೂಬಿಯಾ ಮಾತ್ರ ಪಕ್ಕದಲ್ಲಿ ಕೂತಿದ್ದ ತಿಜಾನಿ ಮೇಷ್ಟ್ರ ಬಲಗೈ ಹೆಬ್ಬೆರಳನ್ನು ನೋಡುತ್ತಿದ್ದಳು.

ಅದು ನಡುಗುತ್ತಿತ್ತು. ಯಾವುದೋ ಹಾಡಿಗೆ ತಾಳ ಹಾಕುವವರಂತೆ ಅವರು ಅದನ್ನು ಮೊಣಕಾಲಿಗೆ ತಟ್ಟಿ ಮರೆಸುತ್ತಿದ್ದರು.

ಮನ್ನೂಬಿಯಾ ಮೂವತ್ತೈದು ವರ್ಷ ಆಟದ ಟೀಚರಾಗಿ ಆ ಊರಿನ ಹುಡುಗಿಯರಿಗೆ ಓಟ ಕಲಿಸಿದವಳು. ಅಪ್ಪಂದಿರ ಎದುರು ಕೂತು, ಅವರು ಕೊಟ್ಟ ಚಹಾ ಕುಡಿದು, ಸಂಜೆ ಕತ್ತಲಾಗುವ ಮುಂಚೆ ನಾನೇ ಮನೆಗೆ ಬಿಡುತ್ತೇನೆಂದು ಮಾತು ಕೊಟ್ಟು, ಒಬ್ಬೊಬ್ಬಳನ್ನೇ ಮೈದಾನಕ್ಕೆ ಕರೆತಂದವಳು. ನಿವೃತ್ತಿಯಾಗಿ ಎರಡು ವರ್ಷವಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಬೆಳಿಗ್ಗೆ ತರಬೇತಿ, ಮಧ್ಯಾಹ್ನ ರೆಡ್ ಕ್ರೆಸೆಂಟ್ ಸೇವಾಸಂಸ್ಥೆಯವರ ಜೊತೆ ಹಾಸಿಗೆ ಹಿಡಿದವರ ಆರೈಕೆ. ಮದುವೆಗೆ ಪುರುಸೊತ್ತೇ ಸಿಗಲಿಲ್ಲ ಎಂದು ನಗುತ್ತಿದ್ದಳು.

ಆರೈಕೆ ಮಾಡಿದ್ದರಿಂದಲೇ ಈ ನಡುಕದ ದಾರಿ ಅವಳಿಗೆ ಗೊತ್ತಿತ್ತು. ಮೊದಲು ಹೆಬ್ಬೆರಳು. ಆಮೇಲೆ ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಆಮೇಲೆ ಹೆಜ್ಜೆ. ಕೊನೆಗೆ ಮುಖದಿಂದ ನಗುವೇ ಹೋಗಿಬಿಡುತ್ತದೆ.

ಮೇಷ್ಟ್ರ ನಗುವನ್ನು ಹತ್ತಿರದಿಂದ ನೋಡಲೆಂದೇ ಅವಳು ಇಷ್ಟು ವರ್ಷ ಸಮಯ ನೋಡುವವರ ಬೆಂಚಿನಲ್ಲಿ ಅವರ ಪಕ್ಕವೇ ಕೂತದ್ದು. ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು, ಹೆಂಡತಿ ತೀರಿಹೋದ ಮೇಲೆ ಒಂದು ಕ್ರೀಡಾಕೂಟವನ್ನೂ ತಪ್ಪಿಸಿರಲಿಲ್ಲ.

ಪ್ರತಿ ಓಟಕ್ಕೂ ಮನ್ನೂಬಿಯಾ, ಮೇಷ್ಟ್ರು ಸೇರಿ ಮೂವರು ಸ್ಟಾಪ್‌ವಾಚ್ ಹಿಡಿಯುತ್ತಾರೆ. ಮೂರರಲ್ಲಿ ನಡುವಿನ ಸಮಯವೇ ಲೆಕ್ಕಕ್ಕೆ. ರಂಜಾನ್ ಕಳೆದಾಗಿನಿಂದ ಮೇಷ್ಟ್ರ ಬೆರಳು ಓಟ ಮುಗಿದ ಮೇಲೆ ತಡವಾಗಿ ಒತ್ತುತ್ತಿತ್ತು. ಅವರ ವಾಚು ಅರ್ಧ ಸೆಕೆಂಡು ಹೆಚ್ಚೇ ತೋರಿಸುತ್ತಿತ್ತು. ಉಳಿದೆರಡು ಸರಿಯಿದ್ದರೆ ಯಾವ ಹುಡುಗಿಗೂ ನಷ್ಟವಿಲ್ಲ. ಮನ್ನೂಬಿಯಾ ಆ ನಿಯಮದ ಮರೆಯಲ್ಲಿ ಅವರನ್ನು ಬಚ್ಚಿಟ್ಟಿದ್ದಳು. ದಿನವೂ ಹೆದರುತ್ತ ಬಚ್ಚಿಟ್ಟಿದ್ದಳು.

ನೂರು ಮೀಟರ್ ಫೈನಲ್‌ಗೆ ಹತ್ತು ನಿಮಿಷವಿದ್ದಾಗ ಮೂರನೆಯ ವಾಚು ಹಿಡಿಯುವ ರಿಯಾದ್ ಬಂದ. ಹೊಸದಾಗಿ ಸೇರಿದ ಆಟದ ಟೀಚರ್. ತನ್ನ ವಾಚು ಕೆಟ್ಟಿದೆ, ಇನ್ನೊಂದು ಎಲ್ಲೂ ಸಿಗಲಿಲ್ಲ ಎಂದ.

ಮನ್ನೂಬಿಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಾಚು ಎರಡೇ ಉಳಿದರೆ ಹೆಚ್ಚು ತೋರಿಸಿದ್ದೇ ಲೆಕ್ಕ. ರೊಟ್ಟಿ ಮಾರುವವಳ ಮಗಳು ಯುಸ್ರಾ ಹದಿಮೂರು ಸೆಕೆಂಡಿನೊಳಗೆ ಓಡಿದರೆ ರಾಜಧಾನಿ ಟ್ಯೂನಿಸ್‌ನ ದೊಡ್ಡ ಕೂಟಕ್ಕೆ ಹೋಗುತ್ತಾಳೆ. ಅವಳು ಓಡುವುದೇ ಹನ್ನೆರಡೂ ಮುಕ್ಕಾಲರ ಆಸುಪಾಸು. ಉಳಿಯುವ ಕಾಲು ಸೆಕೆಂಡನ್ನು ಮೇಷ್ಟ್ರ ಹೆಬ್ಬೆರಳು ತಿಂದುಹಾಕುತ್ತದೆ.

ಬಹುಮಾನದ ಮೇಜಿನ ಹತ್ತಿರ ನಿಮ್ಮನ್ನು ಕರೀತಿದ್ದಾರೆ ಎಂದು ಮೇಷ್ಟ್ರಿಗೆ ಸುಳ್ಳು ಹೇಳಿ ಎಬ್ಬಿಸಿದರೆ? ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ಏನು ಮದಾಮ್, ಹಾಗೆ ನೋಡ್ತಿದ್ದೀರಿ?" ಮೇಷ್ಟ್ರು ಓರೆಗಣ್ಣಲ್ಲಿ ಕೇಳಿದರು. "ಮೀಸೆಗೆ ಬಣ್ಣ ಹಚ್ಚಿದ್ದು ಗೊತ್ತಾಗ್ಬಿಡ್ತಾ?"

ಮನ್ನೂಬಿಯಾ ಆ ಸುಳ್ಳನ್ನು ನುಂಗಿಕೊಂಡಳು.

"ಮೇಷ್ಟ್ರೇ, ನಿಮ್ಮ ವಾಚ್ ರಿಯಾದ್‌ಗೆ ಕೊಡಿ."

"ಯಾಕೆ? ನನ್ನ ಕೈಗೇನಾಗಿದೆ?"

"ನಡುಗ್ತಿದೆ. ರಂಜಾನ್‌ನಿಂದ ನೋಡ್ತಿದ್ದೀನಿ."

ಮೇಷ್ಟ್ರ ಕಿವಿ ಕೆಂಪಾಯಿತು. ಇನ್ನು ಇವರು ಎದ್ದುಹೋಗುತ್ತಾರೆ, ಮತ್ತೆ ಬರುವುದಿಲ್ಲ ಎಂದುಕೊಂಡಳು ಅವಳು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ವಾಚ್ ತಗೊಂಡ್ರೆ ನೀವು ಈ ಕಡೆ ತಲೆ ಹಾಕೋದೇ ಬಿಡ್ತೀರಿ ಅಂತ ಭಯ ಆಯ್ತು."

ಅವರು ವಾಚಿನ ದಾರವನ್ನು ಕೊರಳಿನಿಂದ ತೆಗೆದರು. "ನಾನೂ ಅದಕ್ಕೇ ಮುಚ್ಚಿಟ್ಟಿದ್ದು," ಎಂದರು ಮೆಲ್ಲಗೆ. "ವಾಚ್ ಇಲ್ಲದೋನಿಗೆ ನಿಮ್ಮ ಪಕ್ಕ ಕೂರೋಕೆ ಬೇರೆ ಏನು ನೆಪ ಇದೆ ಹೇಳಿ?"

ವಾಚನ್ನು ರಿಯಾದ್‌ನ ಕೈಗಿಟ್ಟು ಏಳಹೋದರು. ಮನ್ನೂಬಿಯಾ ಅವರ ತೋಳು ಹಿಡಿದಳು.

"ಕೂತ್ಕೊಳ್ಳಿ. ನೆಪ ಬೇಡ."

ಓಟ ಶುರುವಾಯಿತು. ಅವಳ ಬಲಗೈಯಲ್ಲಿ ವಾಚಿತ್ತು. ಎಡಗೈಯೊಳಗೆ, ಮೆಟ್ಟಿಲ ಮೇಲೆ ಕೂತಿದ್ದ ಅಷ್ಟೂ ತಾಯಂದಿರ ಕಣ್ಣೆದುರಿಗೆ, ಹಕ್ಕಿಮರಿಯ ಹಾಗೆ ಅದುರುವ ಕೈಯೊಂದಿತ್ತು. ಅವಳ ವಾಚು ಹನ್ನೆರಡು ಪಾಯಿಂಟ್ ಏಳು, ರಿಯಾದ್‌ನದು ಹನ್ನೆರಡು ಪಾಯಿಂಟ್ ಎಂಟು. ಯುಸ್ರಾ ಗೆರೆಯಾಚೆ ಮಣ್ಣಿಗೆ ಬಿದ್ದು ಅಳುತ್ತ ನಗುತ್ತಿದ್ದಳು.

ಮೈದಾನ ಖಾಲಿಯಾದ ಮೇಲೆ ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಟ್ಯೂನಿಸ್‌ನ ನರರೋಗದ ಡಾಕ್ಟರು ಮಂಗಳವಾರ ಬರಹೇಳಿದ್ದರಂತೆ. ಒಬ್ಬರೇ ಹೋಗಲು ಹೆದರಿ ಎರಡು ಸಲ ದಿನ ಮುಂದೂಡಿದ್ದರಂತೆ. ನಾನೂ ಬರುತ್ತೇನೆ ಎಂದಳು ಅವಳು.

"ಜೊತೆಗೆ ಬಂದಿರೋದು ಯಾರು ಅಂತ ಕೇಳ್ತಾರೆ."

"ಹೆಂಡ್ತಿ ಆಗೋಳು ಅನ್ನಿ."

ಮೇಷ್ಟ್ರು ನಕ್ಕರು. ಅವಳು ಆ ನಗುವನ್ನು ಕಣ್ಣು ಮಿಟುಕಿಸದೆ ನೋಡಿದಳು, ಇಷ್ಟಿಷ್ಟೇ ಖರ್ಚಾಗುವ ವಸ್ತುವನ್ನು ನೋಡುವ ಹಾಗೆ.

ಮಂಗಳವಾರ ಇಬ್ಬರೂ ಹೋಗಿಬಂದದ್ದನ್ನು ಊರೇ ಕಂಡಿದೆ. ಡಾಕ್ಟರು ಏನಂದರೋ, ಇನ್ನೆಷ್ಟು ವರ್ಷ ಅಂದರೋ, ಅವರು ಯಾರಿಗೂ ಹೇಳಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ.