ಬೀಗ ಹಾಕಿದ ಮನೆಯ ಸೇಬುಗಳು

"ಆ ಬಾಗಿಲನ್ನ ತೆಗೀಲೇಬಾರದಿತ್ತು" ಎಂದು ಅವಳು ಎದ್ದು ನಿಂತು ಹೇಳಿದಳು. ಎಡಗಡೆಯ ಕುರ್ಚಿಗಳಿಂದ ಚಪ್ಪಾಳೆ ಬಿತ್ತು. ಬಲಗಡೆಯವರು ಗೊಣಗಿದರು.

ಆಟಿಕೆ ಅಂಗಡಿಯ ಮೇಲಿನ ಕೋಣೆ, ಭಾನುವಾರದ ಸಂಜೆ. ಅಂಗಡಿಯ ಗಡ್ಡದ ಯಜಮಾನ ಬಂದ ಮೂವತ್ತು ಜನರನ್ನು ಗಂಡಿನ ಕಡೆ, ಹೆಣ್ಣಿನ ಕಡೆ ಎನ್ನುವ ಹಾಗೆ ಎರಡು ಪಾಲು ಮಾಡಿ ಕೂರಿಸಿದ್ದ. ಜಗಳ ಒಂದು ವಿಡಿಯೋ ಗೇಮಿನದು. ಹೊರಗಿನವರಿಗೆ ನಗು ಬರಬಹುದು. ಆದರೆ ಚಿಕ್ಕಂದಿನಲ್ಲಿ ಪ್ರೀತಿಸಿದ್ದನ್ನು ಯಾರಾದರೂ ಬಂದು ಮುಟ್ಟಿದರೆ ಹೊಟ್ಟೆ ಉರಿಯುವುದು ಎಲ್ಲರಿಗೂ ಒಂದೇ ತರಹ.

ಆಟದ ಹೆಸರು 'ಬೆಟ್ಟದ ಟಪಾಲು'. ಹಿಮದ ಬೆಟ್ಟದಲ್ಲಿ ಒಬ್ಬ ಪೋಸ್ಟಮ್ಮ ಮನೆಮನೆಗೆ ಕಾಗದ ಹಂಚುತ್ತ ಮೇಲೆ ಹತ್ತುತ್ತಾಳೆ. ತುತ್ತತುದಿಯಲ್ಲಿ ಬೀಗ ಹಾಕಿದ ಒಂದು ಮನೆ. ಕೊನೆಯ ಕಾಗದವನ್ನು ಬಾಗಿಲ ಕೆಳಗೆ ತೂರಿಸಿದರೆ ಆಟ ಮುಗಿಯಿತು. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಅಭಿಮಾನಿಗಳು ಆ ಬೀಗದ ಬಗ್ಗೆಯೇ ಹರಟಿಕೊಂಡು ಸುಖವಾಗಿದ್ದರು. ತಿಂಗಳ ಹಿಂದೆ ಕಂಪನಿಯವರು ಡಿಎಲ್‌ಸಿ ಬಿಟ್ಟರು, ಅಂದರೆ ಡೌನ್‌ಲೋಡ್ ಮಾಡಿ ಹಳೆಯ ಆಟಕ್ಕೆ ಜೋಡಿಸಿಕೊಳ್ಳುವ ಹೊಸ ಅಧ್ಯಾಯ. ಅದರಲ್ಲಿ ಆ ಬೀಗ ತೆರೆಯುತ್ತದೆ. ಒಳಗೆ ಹೋದ ಕೆಲವರು 'ಅತ್ತುಬಿಟ್ಟೆವು' ಎಂದು ಬರೆದರು. ಉಳಿದವರು, ಒಳಗೆ ಖಾಲಿ ಕೋಣೆ ಬಿಟ್ಟರೆ ನರಪಿಳ್ಳೆಯೂ ಇಲ್ಲ, ಇದು ಶುದ್ಧ ಮೋಸ ಎಂದು ಬೊಬ್ಬೆ ಹೊಡೆದರು.

ಅವಳು ಖಾಲಿ ಕೋಣೆಯ ಪಾರ್ಟಿ. "ಬೀಗ ಇದ್ದಾಗ ಒಳಗೆ ಏನು ಬೇಕಾದ್ರೂ ಇರಬಹುದಿತ್ತು" ಎಂದಳು. "ಈಗ ಏನೂ ಇಲ್ಲ ಅಂತ ಗೊತ್ತಾಯ್ತು. ಯಾರಿಗೇನು ಬಂತು ಭಾಗ್ಯ?"

"ಕೈ ಬೀಸ್ಕೊಂಡು ಹೋದೋರಿಗೆ ಯಾವ ಮನೆಯಾದ್ರೂ ಖಾಲೀನೇ ಕಾಣುತ್ತೆ" ಎಂದಿತು ಬಲಗಡೆಯ ಕೊನೆಯ ಸಾಲಿನಿಂದ ಒಂದು ದನಿ.

ಅವಳಿಗೆ ಆ ದನಿಯ ಗುರುತಿತ್ತು. ದನಿ ಸ್ವಲ್ಪ ದಪ್ಪವಾಗಿತ್ತು, ಆದರೆ ಮಾತಿನ ಕೊನೆಯಲ್ಲಿ ನಗುವನ್ನು ಕಚ್ಚಿ ಹಿಡಿಯುವ ಅಭ್ಯಾಸ ಹಾಗೇ ಇತ್ತು. ತಿರುಗಿ ನೋಡಿದಳು. ಅವನೇ. ಮಹಡಿಯವನು.

ಲಿಫ್ಟ್ ಕಂಪನಿಯ ನೀಲಿ ಅಂಗಿ, ತೋಳಿನ ಮೇಲೆ ಗ್ರೀಸಿನ ಹಳೆಯ ಕಲೆ. ಕನ್ನಡಕ ಬಂದಿತ್ತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವ ಅವಳ ಕಣ್ಣು, ಇಂಥ ಹೊತ್ತಿನಲ್ಲೂ, ಎಡಗಣ್ಣಿಗೆ ಪವರ್ ಜಾಸ್ತಿ, ಫ್ರೇಮು ಸಡಿಲ ಎಂದು ಲೆಕ್ಕ ಹಾಕಿತು. ಅವನು ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಅವಳನ್ನೇ ನೋಡುತ್ತಿದ್ದ.

"ಹಾಗಾದ್ರೆ ನಿಮಗೇನು ಕಾಣಿಸ್ತು ಒಳಗೆ?" ಎಂದಳು. 'ನಿಮಗೆ' ಎನ್ನುವುದನ್ನು ಬೇಕೆಂದೇ ಒತ್ತಿ ಹೇಳಿದಳು.

"ನಂಗೂ ಖಾಲೀನೇ."

ಎರಡೂ ಕಡೆಯವರು ನಕ್ಕರು.

"ಮತ್ತೆ ಆ ಕಡೆ ಯಾಕೆ ಕೂತಿದೀರಿ?"

"ಈ ಕಡೆ ಕೂತ್ರೆ ಆ ಕಡೆಯೋರ ಮುಖ ಚೆನ್ನಾಗಿ ಕಾಣುತ್ತೆ."

ಅವಳು ಕೂತುಬಿಟ್ಟಳು. ಮಡಿಲಲ್ಲಿದ್ದ ಬ್ಯಾಗನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಅವಳಿಗೆ ಹದಿನಾರಾಗಿದ್ದಾಗ ಅವಳ ಮನೆಯ ಮಹಡಿಗೆ ಬಾಡಿಗೆಗೆ ಬಂದವರ ಮಗ ಅವನು. ಅವನ ಹತ್ತಿರ ಟಿವಿಗೆ ಜೋಡಿಸಿ ಆಡುವ ಗೇಮಿನ ಕನ್ಸೋಲ್ ಇತ್ತು, ಟಿವಿ ಇರಲಿಲ್ಲ. ಇವರ ಮನೆಯಲ್ಲಿ ಟಿವಿ ಇತ್ತು, ಕನ್ಸೋಲ್ ಇರಲಿಲ್ಲ. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ" ಎಂದು ಅಮ್ಮ ನಕ್ಕು, ಕನ್ಸೋಲನ್ನು ಕೆಳಗೇ ಇಡಿಸಿದ್ದಳು. ಇಬ್ಬರೂ ಒಟ್ಟಿಗೆ ಕೂತರೆ ಬರೀ ಕಿತ್ತಾಟ. ಹಾಗಾಗಿ ಸರದಿ. ಸಂಜೆ ಐದರಿಂದ ಆರು ಅವಳದು, ಆರರಿಂದ ಏಳು ಅವನದು. ಗೋಡೆ ಗಡಿಯಾರವೇ ನ್ಯಾಯಾಧೀಶ. ಆಡಿದಷ್ಟನ್ನು ಉಳಿಸಿಡುವ ಮೆಮೊರಿ ಕಾರ್ಡು ಒಂದೇ, ಆದ್ದರಿಂದ ಆಟವೂ ಒಂದೇ. ಅವಳು ಬಿಟ್ಟ ಜಾಗದಿಂದ ಅವನು ಹತ್ತಬೇಕು, ಅವನು ಬಿಟ್ಟಲ್ಲಿಂದ ಅವಳು.

ಬೆಟ್ಟದ ದಾರಿಯ ಪ್ರತಿ ತಿರುವಿನ ಗೋಡೆಯಲ್ಲೂ ಒಂದೊಂದು ಗೂಡು ಇತ್ತು. ಪೋಸ್ಟಮ್ಮನ ಚೀಲದಿಂದ ಒಂದು ಸಾಮಾನು ತೆಗೆದು ಅಲ್ಲಿ ಇಡಬಹುದು. ಒಮ್ಮೆ ಇಟ್ಟರೆ ವಾಪಸು ತೆಗೆಯುವಂತಿಲ್ಲ. ಅದರಿಂದ ಆಟಕ್ಕೇನೂ ಪ್ರಯೋಜನವಿಲ್ಲ ಎಂದು ಎಲ್ಲರೂ ಬಿಟ್ಟಿದ್ದರು. ಇವರಿಬ್ಬರು ಬಿಡಲಿಲ್ಲ. ಸರದಿ ಮುಗಿಯುವಾಗ ಮುಂದಿನವರಿಗೆಂದು ಏನಾದರೂ ಇಟ್ಟು ಏಳುತ್ತಿದ್ದರು. ಸೇಬು ಇಟ್ಟರೆ 'ತಪ್ಪಾಯ್ತು, ಕೋಪ ಬಿಡು'. ಗಂಟೆ ಇಟ್ಟರೆ 'ನಾಳೆ ಬೇಗ ಬಾ'. ಗರಿ ಇಟ್ಟರೆ 'ನಿನಗಿಂತ ನಾನೇ ಮುಂದೆ'. ಉಣ್ಣೆಯ ಗ್ಲೌಸು ಎರಡೇ ಇದ್ದವು. ಒಂದನ್ನು ಬಿಟ್ಟರೂ ಪೋಸ್ಟಮ್ಮನ ಕೈ ಮರಗಟ್ಟಿ ಹತ್ತುವುದು ದುಸ್ತರ. ಅದರ ಅರ್ಥವನ್ನು ಅವನೇ ಹೇಳಿಕೊಟ್ಟಿದ್ದ: 'ಒಬ್ಬಳೇ ಹೋಗಬೇಡ. ಕಾಯಿ, ನಾನು ಬರ್ತೀನಿ.' ಎರಡು ವರ್ಷದಲ್ಲಿ ಅದನ್ನು ಇಬ್ಬರೂ ಒಮ್ಮೆಯೂ ಬಳಸಿರಲಿಲ್ಲ. ಬಾಯಲ್ಲಂತೂ ಏನೂ ಆಡಿರಲಿಲ್ಲ. ಅಮ್ಮನ ಎದುರು ಅವನು ಅವಳನ್ನು 'ಪೋಸ್ಟಮ್ಮ' ಎಂದು ಕರೆದು ರೇಗಿಸುತ್ತಿದ್ದ, ಅಷ್ಟೇ.

ಅವಳ ಕೊನೆಯ ಪರೀಕ್ಷೆಯ ದಿನ ಅವರು ಮನೆ ಖಾಲಿ ಮಾಡಿದರು. ಅವನ ಅಪ್ಪನಿಗೆ ತಟಕ್ಕನೆ ವರ್ಗ. ಅವಳು ಬಂದಾಗ ಲಾರಿ ಹೋಗಿತ್ತು. ಮಹಡಿಯಲ್ಲಿ ಪೊರಕೆಯ ಗುರುತು ಮಾತ್ರ. ಕೆಳಗೆ ಟಿವಿಯ ಮೇಲೆ ಆ ಮೆಮೊರಿ ಕಾರ್ಡು ಒಂಟಿಯಾಗಿ ಕೂತಿತ್ತು. ಕನ್ಸೋಲ್ ಹೋಗಿತ್ತು. ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಆಟ ಮುಗೀತು, ಸಿಪ್ಪೆ ನೀನಿಟ್ಕೋ ಎಂದ ಹಾಗಾಯಿತು ಅವಳಿಗೆ. ಅವರ ಹೊಸ ನಂಬರು ಅಮ್ಮನ ಹತ್ತಿರ ಇದ್ದರೂ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ.

ಬಲಗಡೆಯ ಮೊದಲ ಸಾಲಿನಲ್ಲಿ ನಿವೃತ್ತ ಟೀಚರಮ್ಮ ಒಬ್ಬರು ಕೈ ಎತ್ತಿದರು. "ನನಗೆ ಖಾಲಿ ಇರಲಿಲ್ಲಪ್ಪ" ಎಂದರು. "ನಮ್ಮೆಜಮಾನ್ರು ಇದ್ದಾಗ ನಾವಿಬ್ಬರೂ ಆಡ್ತಿದ್ವಿ. ಅವರಿಗೆ ಒಂದು ಹುಚ್ಚು, ಸಿಕ್ಕ ಗೂಡಿಗೆಲ್ಲ ಕಲ್ಲು ಇಡೋದು. ಮೊನ್ನೆ ನನ್ನ ತಂಗಿ ಮಗ ಹಳೇ ಕಾರ್ಡು ಹಾಕಿ ಆಡಿಸ್ದ. ಬಾಗಿಲು ತೆಗೆದ್ರೆ ಆ ಕಲ್ಲೆಲ್ಲ ಒಳಗಿದೆ. ಒಂದೂ ಬಿಡದೆ ಸಾಲಾಗಿ ಜೋಡಿಸಿಟ್ಟಿದಾರೆ."

ಎಡಗಡೆಯ ಒಬ್ಬ ಮೆಲ್ಲನೆ, "ನಾನು ಹೊಸದಾಗಿ ಶುರು ಮಾಡಿ ಆಡಿದ್ದು" ಎಂದ. "ನಾನೂ" ಎಂದ ಇನ್ನೊಬ್ಬ. ಒಂದು ತಿಂಗಳಿಂದ ಎಲ್ಲರೂ ಕೂದಲು ಸೀಳಿಕೊಂಡು ಜಗಳವಾಡಿದ ವಿಷಯ ಇಷ್ಟೇ ಆಗಿತ್ತು. ಗೂಡಿನಲ್ಲಿ ಏನನ್ನೂ ಬಿಡದವರಿಗೆ ಮನೆ ಖಾಲಿ. ಬಿಟ್ಟವರಿಗೆ ಬಿಟ್ಟದ್ದೆಲ್ಲ ಅಲ್ಲಿತ್ತು.

ಗಡ್ಡದ ಯಜಮಾನ ಒಂದು ಕಪ್ಪು ಡಬ್ಬಿ ಎತ್ತಿ ತೋರಿಸಿದ. "ಹಳೇ ಕಾರ್ಡ್ ಓದೋ ಅಡಾಪ್ಟರ್ ಇಲ್ಲಿದೆ. ಯಾರಾದ್ರೂ ತಂದಿದೀರಾ? ಮೊದಲೇ ಹೇಳ್ತೀನಿ, ಇಷ್ಟು ವರ್ಷದ ಕಾರ್ಡು ಒಂದು ಸಲ ಓದಿದ್ರೆ ಪುಣ್ಯ. ನನ್ನದೇ ಎರಡು ಹಾಕಿದ ಕೂಡಲೇ ಸತ್ತವು."

ಯಾರೂ ಮಿಸುಕಲಿಲ್ಲ. ಅವಳಂತೂ ಬ್ಯಾಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅದರೊಳಗೆ ಕನ್ನಡಕದ ಒಂದು ಡಬ್ಬಿ, ಡಬ್ಬಿಯಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ, ಬಟ್ಟೆಯಲ್ಲಿ ಆ ಕಾರ್ಡು.

ಹದಿಮೂರು ವರ್ಷದಲ್ಲಿ ಒಂದು ಕನ್ಸೋಲ್ ಸಿಗುತ್ತಿರಲಿಲ್ಲವೇ? ಅವಳ ಅಣ್ಣನ ಸ್ನೇಹಿತರ ಮನೆಯಲ್ಲೇ ಎರಡಿದ್ದವು. ಅವಳೇ ಕೇಳಲಿಲ್ಲ. ಕೋಪ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಿಜ ಬೇರೆ ಇತ್ತು. ನೋಡದೆ ಇದ್ದರೆ, ಅವನು ಕೊನೆಯ ಗೂಡಿನಲ್ಲಿ ಏನಾದರೂ ಬಿಟ್ಟು ಹೋಗಿರಬಹುದು ಎಂದು ನಂಬಿಕೊಂಡು ಬದುಕಬಹುದಿತ್ತು. ನೋಡಿದಾಗ ಏನೂ ಇಲ್ಲದಿದ್ದರೆ? ಬೀಗ ತೆಗೆಯಬಾರದು ಎಂದು ಇಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಆಟಕ್ಕೋಸ್ಕರ ಅಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು.

"ಕಾರ್ಡು ಅವರ ಹತ್ರ ಇದೆ" ಎಂದ ಮಹಡಿಯವನು.

ಎಲ್ಲರೂ ಅವಳತ್ತ ತಿರುಗಿದರು.

"ನಿಮಗ್ಹೇಗೆ ಗೊತ್ತು?"

"ಹಾಗೆ ಬ್ಯಾಗ್ ಹಿಡ್ಕೊಂಡಿದೀರಿ. ಪರೀಕ್ಷೆ ಮಾರ್ಕ್ಸ್ ಕಾರ್ಡ್ ಬಚ್ಚಿಡುವಾಗಲೂ ಹೀಗೇ ಹಿಡೀತಿದ್ರಿ."

"ಓಹೋ, ಪರಿಚಯ ಇದೆಯಾ?" ಎಂದರು ಟೀಚರಮ್ಮ, ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡುತ್ತ.

ಅವಳು ಎದ್ದಳು. ಆಗಿದ್ದಾಗಲಿ ಎಂದುಕೊಂಡಳು. ಡಬ್ಬಿ ತೆಗೆದು, ಬಟ್ಟೆ ಬಿಡಿಸಿ, ಕಾರ್ಡನ್ನು ಒಂದು ಸಲ ಊದಿ, ತಾನೇ ಅಡಾಪ್ಟರಿಗೆ ತೂರಿಸಿದಳು. ಎದುರು ಗೋಡೆಯ ದೊಡ್ಡ ಪರದೆ ಕಪ್ಪಾಯಿತು. ಹತ್ತು ಎಣಿಸುವಷ್ಟು ಹೊತ್ತು ಕಪ್ಪಾಗಿಯೇ ಇತ್ತು. ಹೋಯಿತು ಎಂದುಕೊಂಡಳು. ಆಮೇಲೆ ಹಿಮ ಬೀಳತೊಡಗಿತು.

ಪೋಸ್ಟಮ್ಮ ತುತ್ತತುದಿಯ ಮನೆಯೆದುರು ನಿಂತಿದ್ದಳು. ಅವನು ಅಂದು ಅಲ್ಲಿಯವರೆಗೆ ಹತ್ತಿಸಿ ಬಿಟ್ಟಿದ್ದ. ಕೊನೆಯ ಕಾಗದ ಇನ್ನೂ ಚೀಲದಲ್ಲೇ ಇತ್ತು. ಅವಳು ಕಂಟ್ರೋಲರ್ ಹಿಡಿದು ತನ್ನ ಕುರ್ಚಿಗೆ ಮರಳಿ, ಕಾಗದವನ್ನು ಬಾಗಿಲ ಕೆಳಗೆ ತೂರಿಸಿದಳು. ಬೀಗ ಕಳಚಿ ಬಿತ್ತು.

ಬಾಗಿಲು ತೆರೆದಾಗ ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಸೇಬು. ಮೂಲೆಯಲ್ಲಿ ನಾಲ್ಕೈದು ಗರಿ, ಒಂದಷ್ಟು ಗಂಟೆ. ಉಳಿದದ್ದೆಲ್ಲ ಕೆಂಪು ಕೆಂಪು ಸೇಬು.

"ಇಷ್ಟೊಂದು ಸೇಬು ಯಾರಪ್ಪ ಇಟ್ಟಿದ್ದು?" ಎಂದ ಗಡ್ಡದ ಯಜಮಾನ.

"ತಪ್ಪು ಮಾಡಿದೋರು" ಎಂದಳು ಅವಳು. ನಗು ಬರುತ್ತಿತ್ತು, ಕಣ್ಣು ಮಂಜಾಗುತ್ತಿತ್ತು.

"ತಪ್ಪು ಯಾರದ್ದೇ ಇರ್ಲಿ, ಸೇಬು ಮಾತ್ರ ನಾನೇ ಇಡಬೇಕಿತ್ತು" ಎಂದ ಅವನು. ಯಾವಾಗಲೋ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತಿದ್ದ. "ಮೂಗಿನ ತುದೀಲೇ ಕೋಪ ನಿನಗೆ."

'ನೀವು' ಹೋಗಿ 'ನೀನು' ಬಂದದ್ದನ್ನು ಇಬ್ಬರೂ ಗಮನಿಸಿದರು. ಯಾರೂ ತಿದ್ದಲಿಲ್ಲ.

ಕೋಣೆಯ ನಡುವೆ ಒಂದು ಮೇಜಿತ್ತು. ಅವಳು ಪೋಸ್ಟಮ್ಮನನ್ನು ಅದರ ಹತ್ತಿರ ನಡೆಸಿದಳು. ಮೇಜಿನ ಮೇಲೆ ಉಣ್ಣೆಯ ಗ್ಲೌಸು, ಒಂದೇ ಒಂದು.

ಅವಳ ಬೆರಳು ಗುಂಡಿಯ ಮೇಲೆ ನಿಂತುಹೋಯಿತು. ಸುತ್ತಲಿನವರು ಸೇಬಿನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದರು.

"ಇದು ಯಾವಾಗಿಂದು?" ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

"ಅವತ್ತಿಂದು. ಲಾರಿ ಹೊರಗೆ ಹಾರ್ನ್ ಹೊಡೀತಿತ್ತು." ಅವನು ಪರದೆಯ ಮೇಲಿನ ಗ್ಲೌಸನ್ನು ನೋಡಿದ. ಆಮೇಲೆ, "ನೀನು ಇದನ್ನ ನೋಡಿ ಸುಮ್ನಾದೆ ಅಂದ್ಕೊಂಡೆ. ಬೇಡ ಅಂತ ಉತ್ತರ ಅಂದ್ಕೊಂಡೆ. ಒಂದು ವರ್ಷ ಫೋನ್ ಪಕ್ಕದಲ್ಲೇ ಮಲಗಿದೀನಿ."

"ನೋಡೋಕೆ ಕನ್ಸೋಲ್ ಬೇಡ್ವೇನೋ ದಡ್ಡ? ಕಾರ್ಡು ಇಲ್ಲಿಟ್ಟು, ಕನ್ಸೋಲ್ ಲಾರೀಲಿ ಹಾಕ್ಕೊಂಡು ಹೋದೆ!"

ಅವನು ಬಾಯಿ ತೆರೆದವನು ಹಾಗೇ ನಿಂತ. ಹದಿಮೂರು ವರ್ಷದಲ್ಲಿ ಆ ಯೋಚನೆ ಅವನ ತಲೆಗೆ ಒಂದು ಸಲವೂ ಹೊಳೆದಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಹಲ್ಲು ಅವನೇ ತೆಗೆದುಕೊಂಡು ಹೋಗಿದ್ದ, ಕಡಲೆ ಇಲ್ಲಿ ಬಿಟ್ಟಿದ್ದ.

"ಅಣ್ಣನ್ನ ಕೇಳಿ ಎಲ್ಲಾದ್ರೂ ಆಡಿರ್ತೀಯ ಅಂತ..." ಎಂದು ತೊದಲಿದ.

"ಕೇಳಬಹುದಿತ್ತು" ಎಂದಳು ಅವಳು. ತಪ್ಪು ಪೂರ್ತಿ ಅವನ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. "ಭಯ ಆಯ್ತು. ಗೂಡು ಖಾಲಿ ಇದ್ದಿದ್ರೆ ನಾನೇನು ಮಾಡ್ಬೇಕಿತ್ತು?"

ಅವನು ಅವಳ ಪಕ್ಕದಲ್ಲಿ ಕೂತ. ಬಲಗಡೆಯ ಪಾರ್ಟಿಯವನು ಎಡಗಡೆಯ ಕುರ್ಚಿಯಲ್ಲಿ ಕೂತದ್ದನ್ನು ಟೀಚರಮ್ಮ ಒಬ್ಬರೇ ನೋಡಿದರು.

"ಈ ಊರಿಗೆ ಯಾವಾಗ ಬಂದೆ?" ಎಂದು ಕೇಳಿದಳು.

"ಮೂರು ತಿಂಗಳಾಯ್ತು. ಆಸ್ಪತ್ರೆ ಲಿಫ್ಟುಗಳು ನನ್ನ ಸುಪರ್ದಿ. ನಿಮ್ಮ ಬೀದೀಲಿ ಎರಡು ಸಲ ಓಡಾಡಿದೀನಿ, ಗೇಟ್ ತೆಗೆಯೋಕೆ ಧೈರ್ಯ ಬರ್ಲಿಲ್ಲ. ಇಲ್ಲಿ ಹೀಗೊಂದು ಜಗಳ ಇದೆ ಅಂತ ಬೋರ್ಡ್ ನೋಡಿದೆ. ಜಗಳ ಇರೋ ಕಡೆ ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು."

ಅವನ ಕನ್ನಡಕ ಮತ್ತೆ ಜಾರಿತು. ಅವಳು ತಡೆಯಲಾರದೆ ಕೈ ಚಾಚಿ, ಅದನ್ನು ತೆಗೆದು, ಕಡ್ಡಿಯನ್ನು ಎರಡೂ ಕಡೆ ಒಂಚೂರು ಒಳಕ್ಕೆ ಬಗ್ಗಿಸಿ, ವಾಪಸು ಅವನ ಕಿವಿಗೆ ಸಿಕ್ಕಿಸಿದಳು. ದಿನಕ್ಕೆ ಇಪ್ಪತ್ತು ಜನಕ್ಕೆ ಮಾಡುವ ಕೆಲಸ. ಇವತ್ತು ಮಾತ್ರ ಸಿಕ್ಕಿಸಿದ ಮೇಲೂ ಇನ್ನೊಮ್ಮೆ ಸರಿಮಾಡಿದಳು.

"ಈಗ ಸರಿಯಾಗಿ ಕಾಣುತ್ತಾ?"

"ಕಾಣುತ್ತೆ" ಎಂದ ಅವನು. ಪರದೆಯ ಕಡೆ ನೋಡುತ್ತಿರಲಿಲ್ಲ.

ಹಿಂದೆ ಗದ್ದಲ ಶುರುವಾಗಿತ್ತು. ಎಡಗಡೆಯವರು ಅಟ್ಟದ ಮೇಲಿನ ಹಳೇ ಪೆಟ್ಟಿಗೆ ತಡಕಬೇಕು ಎನ್ನುತ್ತಿದ್ದರು. ಒಬ್ಬ ಮಾತ್ರ, ಹೊಸಬರಿಗೆ ಇದು ಅನ್ಯಾಯವೇ ಎಂದು ಇನ್ನೂ ವಾದಿಸುತ್ತಿದ್ದ. ಅವನ ಮಾತಿನಲ್ಲೂ ಹುರುಳಿತ್ತು. ಆದರೆ ಅವಳಿಗೆ ಈಗ ಯಾರ ಪಕ್ಷವೂ ಬೇಕಿರಲಿಲ್ಲ.

ಅವಳು ಗುಂಡಿ ಒತ್ತಿದಳು. ಪೋಸ್ಟಮ್ಮ ತನ್ನ ಕೈಯಲ್ಲಿ ಉಳಿದಿದ್ದ ಇನ್ನೊಂದು ಗ್ಲೌಸನ್ನು ಕಳಚಿ ಮೇಜಿನ ಮೇಲೆ, ಮೊದಲಿನದರ ಪಕ್ಕದಲ್ಲಿ ಇಟ್ಟಳು.

"ಅಯ್ಯೋ, ಎರಡೂ ಇಟ್ರೆ ಇಳಿಯೋದು ಹೇಗೆ?" ಎಂದ ಗಡ್ಡದ ಯಜಮಾನ.

"ಇಳಿಯೋದಿಲ್ಲ" ಎಂದಳು ಅವಳು. "ಕಾಯ್ತಾ ಇದ್ದೆ, ಬಂದ್ರು."

ಅವಳು ಗೋಡೆಯ ಗಡಿಯಾರ ನೋಡಿದಳು. ಆರಕ್ಕೆ ಎರಡು ನಿಮಿಷವಿತ್ತು. ಕಂಟ್ರೋಲರನ್ನು ಅವನ ಕೈಗೆ ಹಾಕಿದಳು.

"ನಿನ್ನ ಸರದಿ."

ಅವನು ಚೀಲವನ್ನು ತೆರೆದು ಬಹಳ ಹೊತ್ತು ಹುಡುಕಿದ. ಸೇಬಿನ ಮೇಲೆ ಒಂದು ಕ್ಷಣ ನಿಂತ, ಮುಂದೆ ಹೋದ. ಆಮೇಲೆ ಒಂದು ಸಣ್ಣ ಗಂಟೆಯನ್ನು ತೆಗೆದು ಎರಡು ಗ್ಲೌಸುಗಳ ನಡುವೆ ಇಟ್ಟ.

ಅವಳು ಅದನ್ನು ಓದಿಕೊಂಡಳು: 'ನಾಳೆ ಬೇಗ ಬಾ'. ನಗುತ್ತ ಕಣ್ಣು ಒರೆಸಿಕೊಂಡಳು.

"ಎಷ್ಟು ಗಂಟೆಗೆ?" ಎಂದಳು.