ಮೀನಿಲ್ಲದ ಎಪ್ಪತ್ತಾರು ದಿನ

ಮೊದಲ ಭೇಟಿಯಲ್ಲೇ ಅವರ ಮೇಲೆ ರೇಗಿದ್ದೆ. ಕನ್ನಡಕದ ಅಂಗಡಿಯವರು. ಮೀನಿನ ಮೈಮೇಲೆ ಉಪ್ಪು ಕೂತಿದೆ, ಬಂದು ತೆಗೆದುಕೊಡಿ ಎಂದು ಫೋನಿನಲ್ಲಿ ಹೇಳಿದ್ದರು. ಹತ್ತು ವರ್ಷದಿಂದ ಮನೆಮನೆಯ ಉಪ್ಪುನೀರಿನ ಅಕ್ವೇರಿಯಂ ತೊಳೆದು, ಮೀನುಗಳ ಕಾಯಿಲೆ ನೋಡಿ ಹೊಟ್ಟೆ ಹೊರೆಯುವವಳು ನಾನು. ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ.

"ಅದು ಉಪ್ಪಲ್ಲ, ಹುಳ," ಎಂದೆ ಬಕೆಟ್ ಕೆಳಗಿಡುವ ಮೊದಲೇ. "ಕನ್ನಡಕದ ಅಂಗಡಿ ಇಟ್ಕೊಂಡು ಇಷ್ಟೂ ಕಾಣ್ಸಲ್ವಾ ನಿಮಗೆ?"

ಅವರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು. "ಈಗ ಕಾಣ್ತಿದೆ," ಎಂದರು. ಟ್ಯಾಂಕಿನ ಕಡೆ ತಿರುಗಲೇ ಇಲ್ಲ. ನಾನು ನೀರಿನ ಬಿಸಿ ಅಳೆಯಲು ಶುರುಮಾಡಿದೆ.

ಅಂಗಡಿಯಲ್ಲಿದ್ದ ಆ ಟ್ಯಾಂಕು ಅವರ ಅಕ್ಕನದು. ಅಕ್ಕ ತೀರಿಹೋಗಿ ಎರಡು ವರ್ಷ. ಅದರಲ್ಲಿದ್ದ ಅಂಗೈಯಗಲದ ನೀಲಿ ಮೀನಿಗೆ ಮೊಂಡ ಎಂದು ಹೆಸರಿಟ್ಟವಳೂ ಅವಳೇ. ಮಹಡಿಯ ಮೇಲಿದ್ದ ಅವರ ಅಮ್ಮ ದಿನಾ ಮಧ್ಯಾಹ್ನ ಇಳಿದುಬಂದು, ಕುರ್ಚಿ ಎಳೆದುಕೊಂಡು, ಮಗಳ ಜೊತೆ ಮಾತಾಡಿದ ಹಾಗೆ ಮೊಂಡನ ಜೊತೆ ಮಾತಾಡುತ್ತಿದ್ದರು. ಆ ಮೊಂಡನ ಮೈತುಂಬ ಈಗ ಬಿಳಿ ಚುಕ್ಕೆ.

ಔಷಧಿ ಹಾಕಿದರೆ ಮೂರು ದಿನಕ್ಕೆ ಹೋಗುತ್ತೆ, ವಾರ ಬಿಟ್ಟು ಮತ್ತೆ ಬರುತ್ತೆ ಎಂದು ಅವರು ಹೇಳಿದರು. ಹೋಗುವುದಿಲ್ಲ, ಮರಳಿಗೆ ಇಳಿಯುತ್ತೆ ಎಂದು ನಾನು ಬಿಡಿಸಿ ಹೇಳಿದೆ. ಅಲ್ಲಿ ಚಿಪ್ಪು ಕಟ್ಟಿಕೊಂಡು ಮರಿಮಾಡಿ, ಮರಿಗಳು ಮೀನು ಹುಡುಕಿಕೊಂಡು ಬರುತ್ತವೆ. ಮೀನು ಸಿಗದಿದ್ದರೆ ಹಸಿದು ಸಾಯುತ್ತವೆ. ಅದಕ್ಕೆ ಇರುವುದು ಒಂದೇ ದಾರಿ. ಮೀನುಗಳನ್ನೆಲ್ಲ ಹಿಡಿದು ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಕೊಡಬೇಕು, ಈ ಟ್ಯಾಂಕನ್ನು ಎಪ್ಪತ್ತಾರು ದಿನ ಖಾಲಿ ಬಿಡಬೇಕು. ನಡುವೆ ಒಂದೇ ಒಂದು ಮೀನು ಒಳಗಿದ್ದರೂ ಲೆಕ್ಕ ಮತ್ತೆ ಒಂದರಿಂದ ಶುರು.

ಹಾಗೆ ನನ್ನ ಗುರುವಾರಗಳು ಶುರುವಾದವು. ಮೀನಿಲ್ಲದ ಟ್ಯಾಂಕಿನಲ್ಲಿ ನನಗೆ ಅಷ್ಟೇನೂ ಕೆಲಸವಿರಲಿಲ್ಲ. ಆದರೂ ಎರಡು ಗಂಟೆ ಹಿಡಿಯುತ್ತಿತ್ತು. ನಾನು ಗಾಜು ಉಜ್ಜುತ್ತಿದ್ದರೆ ಅವರು ಎದುರು ನಿಂತು, ಮೀನು ಡಾಕ್ಟ್ರೇ, ನಿಮ್ಮ ಕನ್ನಡಕದ ಗಾಜು ಉಪ್ಪು ಹಿಡಿದು ಮಂಜಾಗಿದೆ, ಮೊದಲು ಅದನ್ನು ಉಜ್ಜಿ ಎಂದು ಕಾಡಿಸುತ್ತಿದ್ದರು. ನಿಮ್ಮ ಕೆಲಸ ನೀವು ನೋಡಿ ಎನ್ನುತ್ತಿದ್ದೆ. ಒಂದು ಗುರುವಾರ ಬಿಡಲೇ ಇಲ್ಲ, ಕೂರಿಸಿ ಕಣ್ಣು ಪರೀಕ್ಷೆ ಮಾಡಿದರು. ಒಂದು ಗೇಣು ದೂರದಲ್ಲಿ ಅವರ ಮುಖ. ಉಸಿರಾಡಬೇಕೋ ಬೇಡವೋ ಗೊತ್ತಾಗಲಿಲ್ಲ.

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಎರಡೂ ಒಂದೇ ಥರ," ಎಂದೆ. ಸುಳ್ಳು. ಇನ್ನೊಂದು ಸಲ ತೋರಿಸಲಿ ಎಂದು ಹೇಳಿದ್ದು. ಅವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತೆ, ಐದು ಸಲ ತೋರಿಸಿದರು.

ಐವತ್ತೊಂದನೆಯ ದಿನ ಅವರು ಬಾಗಿಲ ತನಕ ಬಂದರು. "ಮೊಂಡ ವಾಪಸ್ ಬರೋ ದಿನ ನಿಮ್ಮನ್ನ ಒಂದು ಮಾತು ಕೇಳ್ಬೇಕು," ಎಂದರು. "ಅಕ್ಕನ ಎದುರಿಗೇ ಕೇಳಿದ ಹಾಗಿರುತ್ತೆ. ಅಲ್ಲೀತನಕ ಕೇಳಲ್ಲ."

ಮೂವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಅಂಥ ಒಂದು ಮಾತು ಕೇಳಿರಲಿಲ್ಲ. ಉಪ್ಪಿಗೆ ಒಡೆದ ಕೈ, ಸದಾ ಒದ್ದೆ ಬಟ್ಟೆ, ಹತ್ತಿರ ಬಂದರೆ ಮೀನಿನ ವಾಸನೆ. ನನ್ನ ಅತ್ತಿಗೆಯಂತೂ ಇವಳನ್ನು ಇನ್ಯಾರು ಕೇಳುತ್ತಾರೆ ಎಂದು ನನ್ನ ಮುಂದೆಯೇ ಹೇಳಿಬಿಟ್ಟಿದ್ದಳು. ಆ ಸಂಜೆ ಗಾಡಿಯಲ್ಲಿ ಕೂತು ಒಬ್ಬಳೇ ನಕ್ಕೆ.

ಐವತ್ತೆಂಟನೆಯ ದಿನ, ಅವರು ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದಾಗ, ಮೂಲೆಯ ಕಲ್ಲು ಎತ್ತಿದೆ. ಕಲ್ಲಿನಡಿ ಕಿರುಬೆರಳಷ್ಟು ಉದ್ದದ ಮಣ್ಣುಬಣ್ಣದ ಮೀನೊಂದು ಕಣ್ಣು ಹೊರಳಿಸುತ್ತ ಕೂತಿತ್ತು. ಎಂದೋ ಸತ್ತಿತು ಎಂದು ಇವರೆಲ್ಲ ಕೈಬಿಟ್ಟಿದ್ದ ಮೀನು.

ಹೇಳಬೇಕಿತ್ತು. ಹೇಳಿದ್ದರೆ ಅಂದಿನಿಂದ ಮತ್ತೆ ಎಪ್ಪತ್ತಾರು ದಿನ. ಅಷ್ಟರಲ್ಲಿ ಅವರ ಮನಸ್ಸು ಬದಲಾದರೆ? ಮೀನಿನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಏನೂ ಆಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಿವಿರೊಳಗೆ ಹುಳ ಅಡಗಿರುತ್ತದೆ, ಹೊರಗೆ ಕಾಣುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನೇ. ಮೀನನ್ನು ಬಕೆಟ್ಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಮನೆಗೆ ಒಯ್ದೆ.

ಎಪ್ಪತ್ತಾರನೆಯ ದಿನ ಮೊಂಡ ವಾಪಸ್ ಬಂದ. ಅಮ್ಮ ಗಾಜಿಗೆ ಕೆನ್ನೆ ಒತ್ತಿಕೊಂಡು ಅತ್ತರು. ಅವರು ನನ್ನ ಒಡೆದ ಕೈ ಹಿಡಿದು, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದರು. ಹೂಂ ಎನ್ನಲು ನಾನು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಮುಂದಿನ ಮೂರು ವಾರ ನೆಲದ ಮೇಲೆ ಕಾಲಿರಲಿಲ್ಲ.

ನಾಲ್ಕನೆಯ ಗುರುವಾರ ಮೊಂಡನ ರೆಕ್ಕೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಐದು ದಿನಕ್ಕೆ ಮೊಂಡ ಸತ್ತ.

ಅಮ್ಮ ಯಾವಾಗಲೋ ಒಮ್ಮೆ ಔಷಧಿ ತೊಟ್ಟಿಯ ಬಲೆಯನ್ನು ಈ ಟ್ಯಾಂಕಿಗೆ ಅದ್ದಿದ್ದರಂತೆ. ಹುಳ ಬಂದಿದ್ದು ಅದರಿಂದಲೇ ಎಂದುಕೊಂಡು, ಆ ಬಲೆ ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದೆ ಅಂತ ಅವರು ಅಮ್ಮನ ಮೇಲೆ ಕೂಗಾಡಿಬಿಟ್ಟರು. ಅಮ್ಮ ಊಟ ಬಿಟ್ಟರು, ಮಹಡಿ ಇಳಿಯುವುದನ್ನೂ ಬಿಟ್ಟರು. ಮಗಳದ್ದು ಅಂತ ಉಳಿದಿದ್ದ ಒಂದನ್ನೂ ನನ್ನ ಕೈಯಾರೆ ಕೊಂದೆ ಎಂದು ಗೋಡೆ ನೋಡಿಕೊಂಡು ಮಲಗಿದ್ದರು. ಸುಮ್ಮನಿದ್ದರೆ ಮದುವೆ ಉಳಿಯುತ್ತಿತ್ತು. ಎರಡು ದಿನ ಸುಮ್ಮನಿದ್ದೆ ಕೂಡ. ಮೂರನೆಯ ದಿನ, ನಾನು ಕೊಟ್ಟ ಗಂಜಿಯನ್ನು ಪಕ್ಕಕ್ಕೆ ಸರಿಸಿ ಅಮ್ಮ ನನ್ನ ಹತ್ತಿರವೇ ಕ್ಷಮೆ ಕೇಳಿದರು. ಆಮೇಲೆ ನನ್ನಿಂದಾಗಲಿಲ್ಲ. ಮಗನನ್ನು ಮೇಲೆ ಕರೆದು, ಇಬ್ಬರ ಎದುರೂ ಎಲ್ಲ ಹೇಳಿದೆ. ಕಲ್ಲು, ಮೀನು, ಬಕೆಟ್ಟು, ಬಟ್ಟೆ. ಅಮ್ಮನ ತಪ್ಪಲ್ಲ, ನನ್ನದು ಎಂದೆ.

ಅಮ್ಮ ಎದ್ದು ಕೂತು ನನ್ನ ತಲೆ ಸವರಿದರು. ಅವರ ಕಣ್ಣಿನಲ್ಲಿ ಸಿಟ್ಟಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಅವರು ಮೊದಲು ಅಮ್ಮನ ಕಾಲ ಬಳಿ ಕೂತು, ತಪ್ಪಾಯ್ತಮ್ಮ ಎಂದು ಮೆಲ್ಲಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೇಳಿದ್ದಿದ್ರೆ ಇನ್ನೂ ಎಪ್ಪತ್ತಾರು ದಿನ ಕಾಯ್ತಿದ್ದೆ. ಏಳ್ನೂರು ದಿನ ಅಂದಿದ್ರೂ ಕಾಯ್ತಿದ್ದೆ. ಅಷ್ಟೂ ನಂಬಿಕೆ ಇರ್ಲಿಲ್ವಾ ನನ್ನ ಮೇಲೆ?"

"ನನ್ನ ಮೇಲೇ ನನಗೆ ಇರ್ಲಿಲ್ಲ," ಎಂದೆ.

ಅವರ ಕಣ್ಣು ತುಂಬಿತು. ಕನ್ನಡಕ ತೆಗೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ನನ್ನನ್ನು ಈಗಲೂ ಪ್ರೀತಿಸುತ್ತಿದ್ದರು, ಅದು ಎದ್ದು ಕಾಣುತ್ತಿತ್ತು.

ಉಳಿದ ಮೀನುಗಳನ್ನು ಹಿಡಿದು ಔಷಧಿ ತೊಟ್ಟಿಗೆ ಹಾಕಿದೆ. ಈ ಸಲ ಪ್ರತಿ ಕಲ್ಲನ್ನೂ ಎತ್ತಿ ನೋಡಿದೆ. ಅವರು ಪಕ್ಕದಲ್ಲಿ ನಿಂತು ಒಂದೊಂದೇ ಕಲ್ಲು ಈಸಿಕೊಂಡರು. ನಮ್ಮ ಬೆರಳುಗಳು ತಾಗಿದಾಗ ಇಬ್ಬರೂ ತಕ್ಷಣ ಬಿಡಲಿಲ್ಲ. ಕೊನೆಗೆ ಅವರೇ ಬಿಟ್ಟರು.

ಬಕೆಟ್ ಎತ್ತಿಕೊಂಡು ಬಾಗಿಲು ದಾಟುವಾಗ ಮಹಡಿಯ ಮೆಟ್ಟಿಲಿನಿಂದ ಅಮ್ಮನ ದನಿ ಬಂತು. "ಗುರುವಾರ ಬರ್ತೀಯಲ್ವಾ ಮಗಳೇ?"

ನಾನು ಟ್ಯಾಂಕಿನ ಪಕ್ಕ ನಿಂತಿದ್ದ ಅವರ ಮುಖ ನೋಡಿದೆ. ಬಾ ಅನ್ನಲಿ ಎಂದು ಜೀವವನ್ನೆಲ್ಲ ಕಣ್ಣಿಗೆ ತಂದುಕೊಂಡು ನೋಡಿದೆ.

"ಇಲ್ಲಮ್ಮ," ಎಂದರು ಅವರು, ನನ್ನನ್ನು ನೋಡುತ್ತಲೇ. "ಬೇರೆಯವರು ಬರ್ತಾರೆ."