ಬಿಲದಲ್ಲಿ ಬೇರೆ ಮುಖ

ಸತ್ತವರು ಮಂಚದ ಮೇಲಿದ್ದರು. ಮೀನು ಮಾತ್ರ ಎಚ್ಚರವಾಗಿತ್ತು.

ಕೋಣೆಗೆ ಕಾಲಿಟ್ಟ ಇನ್‌ಸ್ಪೆಕ್ಟರ್‌ಗೆ ಮೊದಲು ಕಂಡದ್ದು ಅದೇ. ಕಿಟಕಿಯ ಪಕ್ಕದ ಮೇಜಿನ ಮೇಲೆ ಸೂಟ್‌ಕೇಸಿನಷ್ಟು ಗಾಜಿನ ತೊಟ್ಟಿ. ನೀಲಿ ದೀಪ. ಉಪ್ಪುನೀರು. ಒಳಗೊಂದು ಬಂಡೆ, ಬಂಡೆಯ ಮೇಲೆ ಹೂವಿನಂಥ ಹವಳಗಳು, ನಡುವೆ ಒಂದು ಬಿಲ, ಬಿಲದಲ್ಲೊಂದು ಮುಖ. ಹುಬ್ಬಿದ್ದ ಮುಖ. ಮೀನಿಗೂ ಹುಬ್ಬಿರುತ್ತದೆ ಎಂದು ಇಷ್ಟು ವರ್ಷದ ನೌಕರಿಯಲ್ಲಿ ಆಕೆಗೆ ಯಾರೂ ಹೇಳಿರಲಿಲ್ಲ. ಅದರ ಒಂದು ಕಣ್ಣು ಹೆಣದ ಕಡೆಗಿತ್ತು. ಇನ್ನೊಂದು ನಿಧಾನವಾಗಿ ತಿರುಗಿ ಆಕೆಯ ಮೇಲೆ ಬಂದು ನಿಂತಿತು.

ಸತ್ತವರದು ಕನ್ನಡಕದ ಅಂಗಡಿ. ಈ ಕೋಣೆಯಲ್ಲೇ, ಕಿಟಕಿ ಬಾಗಿಲು ಮುಚ್ಚಿ, ಮೀನಿನ ಎದುರು ಮಲಗುವ ಅಭ್ಯಾಸ. ಬೆಳಿಗ್ಗೆ ನೋಡಿದವನು ಮಹಡಿಯ ಮೇಲಿದ್ದ ತಮ್ಮ. ಅಂಗಡಿಗಳಿಗೆ ಐಸ್‌ಕ್ರೀಮ್ ಸರಬರಾಜು ಮಾಡುವವನು. ಡಾಕ್ಟರನ್ನು ಕರೆಸಿದವನೂ ಅವನೇ. ಹೃದಯಾಘಾತ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು.

ಪೊಲೀಸರನ್ನು ಕರೆದವಳು ಹೆಂಡತಿ. ಊರಲ್ಲೆಲ್ಲ ಹೊಲಿಗೆ ಟೀಚರ್ ಎಂದೇ ಪರಿಚಯ. ಹಿಂದಿನ ದಿನ ತಂಗಿಯ ಮನೆಗೆ ಹೋಗಿದ್ದವಳು ಮಧ್ಯಾಹ್ನ ವಾಪಸಾಗಿದ್ದಳು.

"ಯಾಕಮ್ಮಾ ನಮಗೆ ಫೋನ್ ಮಾಡಿದ್ರಿ?"

"ಆ ಮೀನು ನಮ್ಮದಲ್ಲ."

"ಏನಂದ್ರಿ?"

"ಬಿಲದಲ್ಲಿ ಬೇರೆ ಯಾರೋ ಕೂತಿದ್ದಾರೆ. ನನ್ನ ಗುರುತೇ ಇಲ್ಲ ಅದಕ್ಕೆ."

ತಮ್ಮ ಅವಳ ಹಿಂದೆ ನಿಂತು ಬೆರಳಿನಿಂದ ತಲೆ ಮುಟ್ಟಿ ತೋರಿಸಿದ. "ಅತ್ತಿಗೆಗೆ ಆಘಾತ ಆಗಿದೆ ಮೇಡಂ. ಡಾಕ್ಟರು ಇಂಜೆಕ್ಷನ್ ಕೊಡ್ತಾರೆ. ಬನ್ನಿ ಅತ್ತಿಗೆ."

ಅವನು ಅವಳ ತೋಳು ಹಿಡಿದು ಕರೆದೊಯ್ದ. ಬಹಳ ಮೆತ್ತಗೆ, ಬಹಳ ಬೇಗ.

ದಫೇದಾರ ತೊಟ್ಟಿಯ ಮುಂದೆ ಬಗ್ಗಿದ್ದ. "ಮೇಡಂ, ಇಲ್ಲಿ ಬಸವನಹುಳುಗಳು ಮನೆ ಖಾಲಿ ಮಾಡಿವೆ."

ನಿಜ. ನೀರಿನೊಳಗೆ ಒಂದೂ ಇರಲಿಲ್ಲ. ಎಲ್ಲ ನೀರಿನ ಮಟ್ಟದ ಮೇಲೆ, ಗಾಜಿನ ಅಂಚಿಗೆ, ಒಂದಕ್ಕೊಂದು ಒತ್ತಿಕೊಂಡು ಅಂಟಿದ್ದವು. ಕೆಳಗಿನಿಂದ ಏನೋ ಬಂತೆಂದು ಹೆದರಿ ಓಡಿದ ಜನರ ಹಾಗೆ.

ಮಂಚದ ಕೆಳಗೂ ಒಂದು ಗುರುತಿತ್ತು. ಪ್ಲಾಸ್ಟಿಕ್ ನೆಲಹಾಸು ಅಲ್ಲಿ ಚೌಕಾಕಾರವಾಗಿ ಬೆಳ್ಳಗಾಗಿ, ಗಾಜಿನಂತೆ ಬಿರುಕು ಬಿಟ್ಟಿತ್ತು. ಇಡೀ ರಾತ್ರಿ ಯಾರೋ ಅಲ್ಲಿ ಕೂತಿದ್ದು ಎದ್ದುಹೋದಂತೆ.

"ಹಳೇ ಟ್ರಂಕ್ ಇತ್ತು ಅಲ್ಲಿ," ಎಂದ ತಮ್ಮ ಬಾಗಿಲಿನಿಂದ. ಯಾರೂ ಕೇಳಿರಲಿಲ್ಲ.

*

ಶವಪರೀಕ್ಷೆಯಿಂದ ಏನೂ ಸಿಗಲಿಲ್ಲ. ವಿಷವಿಲ್ಲ, ಗಾಯವಿಲ್ಲ. ಉಸಿರು ನಿಂತಿದೆ, ಅಷ್ಟೇ.

ದಫೇದಾರನಿಗೆ ಒಂದು ಯೋಚನೆ ಹೊಳೆದಿತ್ತು. ತೊಟ್ಟಿಯ ಹೀಟರಿನಿಂದ ಕರೆಂಟ್ ಹೊಡೆದಿದೆ ಎಂದು. ಎಲೆಕ್ಟ್ರಿಷಿಯನ್ ಬಂದು ಒಂದೊಂದೇ ವೈರು ಬಿಚ್ಚಿ ನೋಡಿದ. ಎಲ್ಲ ಸರಿಯಾಗಿತ್ತು. ಆಮೇಲೆ ಅನುಮಾನ ಹೆಂಡತಿಯ ಕಡೆ ತಿರುಗಿತು. ಅದೂ ನಿಲ್ಲಲಿಲ್ಲ. ಅಕ್ಕ ರಾತ್ರಿಯಿಡೀ ನಮ್ಮನೇಲಿ ಮಗಳ ರವಿಕೆ ಹೊಲೀತಿದ್ಲು ಎಂದು ತಂಗಿ ಹೇಳಿದಳು. ಹೊಲಿದ ರವಿಕೆಯನ್ನೂ ತಂದು ತೋರಿಸಿದಳು.

ಆದರೂ ಇನ್‌ಸ್ಪೆಕ್ಟರ್ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಊಟಕ್ಕೆ ಕೂತರೆ ಆ ಹುಬ್ಬಿನ ಮುಖ. ಕಣ್ಣು ಮುಚ್ಚಿದರೆ ಆ ಮುಖ.

ವಾರ ಕಳೆದ ಮೇಲೆ ಬೆಳಿಗ್ಗೆ ಫೋನ್ ಬಂತು. ಪಿಸುಮಾತು.

"ಮೇಡಂ, ನಾನು ಹೊಲಿಗೆ ಟೀಚರ್. ಮಧ್ಯಾಹ್ನ ನನ್ನನ್ನ ಮಾನಸಿಕ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ. ಮೈದುನ ಎಲ್ಲಾ ಗೊತ್ತು ಮಾಡಿದ್ದಾನೆ. ಒಳಗೆ ಹೋದ್ರೆ ಮತ್ತೆ ನನ್ನ ಮಾತು ಯಾರು ನಂಬ್ತಾರೆ?"

*

ಇನ್‌ಸ್ಪೆಕ್ಟರ್ ದಫೇದಾರನ ಜೊತೆ ಹೋದಾಗ ಟೀಚರ್ ತೊಟ್ಟಿಯ ಮುಂದೆ ಕೂತಿದ್ದಳು. ತಮ್ಮ ಕೆಲಸಕ್ಕೆ ಹೋಗಿದ್ದ. ಬಿಲದಲ್ಲಿ ಅದೇ ಮುಖ.

"ನೋಡಿ ಮೇಡಂ. ಹೂ ತಿಂತಿದೆ."

ಹವಳಗಳ ತುದಿ ಬೋಳಾಗಿತ್ತು. ಯಾರೋ ಚಿವುಟಿ ಚಿವುಟಿ ತೆಗೆದ ಹಾಗೆ.

"ಮೊದಲಿಂದ ಹೇಳಿ ಅಮ್ಮಾ," ಎಂದು ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡಳು. ಈ ಮಾತನ್ನು ಅವತ್ತೇ ಕೇಳಬೇಕಿತ್ತು ಎಂದು ಅವಳಿಗೆ ನಾಚಿಕೆಯಾಯಿತು.

"ಇದು ಚಿಕ್ಕ ತೊಟ್ಟಿ. ಒಂದು ಮೀನಿಗಷ್ಟೇ ಜಾಗ. ನಮ್ಮನೆಯವರಿಗೆ ಬ್ಲೆನ್ನಿನೇ ಬೇಕಿತ್ತು, ಬಿಲದಲ್ಲಿ ಕೂರೋ ಈ ಹುಬ್ಬಿನ ಮೀನು. ಮನೆಗೆ ಸೊಸೆ ಹುಡುಕೋ ಹಾಗೆ ತಿಂಗಳುಗಟ್ಟಲೆ ಹುಡುಕಿದ್ವಿ. ಒಂದು ಜಾತಿಗೆ ಕೋರೆಹಲ್ಲು, ಕಚ್ಚುತ್ತೆ. ಒಂದು ನೋಡೋಕೆ ಚಿನ್ನದ ಹಾಗಿದೆ, ಆದ್ರೆ ಈಜೋಕೆ ಮೈದಾನ ಬೇಕು. ಪಾಚಿ ಮೇಯೋ ಬ್ಲೆನ್ನಿ ಅಂತ ಇನ್ನೊಂದು. ಗೇಣುದ್ದ ಬೆಳೆಯುತ್ತೆ. ಪಾಚಿ ಮುಗಿದ್ರೆ ಹಸಿವಿಗೆ ಹವಳಕ್ಕೆ ಬಾಯಿ ಹಾಕುತ್ತೆ. ಕೊನೆಗೆ ಸಿಕ್ಕಿದ್ದು ಬೆರಳುದ್ದದ್ದು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಆ ಜಾತಿಯ ಗುರುತೇ ಆ ಚುಕ್ಕೆ." ಅವಳ ಮುಖ ಒಂದು ಕ್ಷಣ ಅರಳಿತು. "ಮಾವ ಅಂತ ಹೆಸರಿಟ್ಟಿದ್ವಿ. ಕೆಲಸ ಏನೂ ಇಲ್ಲ, ಮನೆಯವರೆಲ್ಲರ ಮೇಲೂ ಕಣ್ಣು."

"ಫೋಟೋ ಇದ್ಯಾ?"

"ಎಲ್ಲಾ ಮುಖದ್ದೇ. ಬಿಲ ಬಿಟ್ಟು ಬಂದ್ರೆ ತಾನೆ ಬಾಲ ಕಾಣೋದು? ಬಂದವರು ಯಾರೂ ಮುಖ ಬಿಟ್ಟು ಬೇರೇನೂ ನೋಡಿಲ್ಲ. ನಾವಿಬ್ಬರೇ ನೋಡಿದ್ದು, ಊಟ ಹಾಕುವಾಗ."

ಅವಳು ಒಂದು ಚಿಟಿಕೆ ಆಹಾರ ನೀರಿಗೆ ಹಾಕಿದಳು. ಮುಖ ಅಲುಗಿತು. ಬಿಲದಿಂದ ಮೈ ಹೊರಬಂತು. ಬಂತು, ಬರುತ್ತಲೇ ಇತ್ತು. ಹೊಟ್ಟೆ ಒಳಕ್ಕೆ ಬಿದ್ದಿತ್ತು. ಕಂದು ಮೈಮೇಲೆ ಮಸುಕು ಪಟ್ಟೆಗಳು. ಬಾಲದಲ್ಲಿ ಚುಕ್ಕೆ ಇರಲಿಲ್ಲ. ಮೀನು ಆಹಾರವನ್ನು ಮೂಸಿಯೂ ನೋಡದೆ ಗಾಜಿಗೆ ಬಾಯಿಟ್ಟು ಕೆರೆಯತೊಡಗಿತು. ದಫೇದಾರ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ.

"ಇದು ಪಾಚಿ ಮೇಯೋದು," ಎಂದಳು ಟೀಚರ್. "ಇಲ್ಲಿ ಪಾಚಿ ಇಲ್ಲ. ಹಸಿದಿದೆ ಪಾಪ."

"ಮೀನು ಬದಲಾಯಿಸಿ ಯಾರಿಗೇನು ಲಾಭ?" ದಫೇದಾರ ಕೇಳಿದ.

ಇನ್‌ಸ್ಪೆಕ್ಟರ್ ತೊಟ್ಟಿಯ ಪಕ್ಕ ಗುಂಯ್‌ಗುಡುತ್ತಿದ್ದ ಪುಟ್ಟ ಪೆಟ್ಟಿಗೆಯನ್ನು ನೋಡುತ್ತಿದ್ದಳು. "ಇದೇನಮ್ಮಾ?"

"ಗಾಳಿ ಪಂಪು. ಕೋಣೆಯ ಗಾಳಿ ಎಳೆದು ನೀರಿಗೆ ಬಿಡುತ್ತೆ. ಗೋಡೆಗೆ ಬಣ್ಣ ಹೊಡೆಸಿದಾಗ ಅವರು ಇದನ್ನ ಹೊರಗಿನ ಪಡಸಾಲೆಯಲ್ಲಿ ಇಟ್ಟು ನಳಿಗೆ ಎಳೆದಿದ್ರು. ಈ ಕೋಣೆಯ ಗಾಳಿ ಕೆಟ್ರೆ ನಮಗಿಂತ ಮೊದಲು ಮಾವನಿಗೆ ಗೊತ್ತಾಗುತ್ತೆ ಅಂತಿದ್ರು. ಮೈದುನನೂ ಇಲ್ಲೇ ಇದ್ದ. ನಕ್ಕಿದ್ದ."

ಪಂಪು ಗುಂಯ್‌ಗುಡುತ್ತಲೇ ಇತ್ತು. ಇನ್‌ಸ್ಪೆಕ್ಟರ್ ಎದ್ದಳು.

"ಸಮುದ್ರದ ಮೀನು ಎಲ್ಲೆಲ್ಲಿ ಸಿಗುತ್ತೆ?"

"ಎರಡೇ ಅಂಗಡಿ. ನಾವು ಮಾವನನ್ನ ತಂದ ಅಂಗಡಿಗೆ ಅವರು ಸತ್ತ ದಿನ ವಾರದ ರಜೆ. ಇನ್ನೊಂದು ರೈಲ್ವೆ ಸ್ಟೇಷನ್ ಹಿಂದೆ."

*

ಸ್ಟೇಷನ್ ಹಿಂದಿನ ಅಂಗಡಿಯಲ್ಲಿ ಹಗಲಲ್ಲೂ ಕತ್ತಲೆ. ಗೋಡೆಯುದ್ದಕ್ಕೂ ನೀಲಿ ತೊಟ್ಟಿಗಳು, ನೂರಾರು ಕಣ್ಣುಗಳು. ಅಂಗಡಿಯಾಕೆ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಮರೆಯೋಕಾಗುತ್ತಾ ಮೇಡಂ ಆ ಮನುಷ್ಯನನ್ನ? ಹೋದ ವಾರ ಬೆಳಿಗ್ಗೆ ಬಾಗಿಲು ತೆಗೆಯೋದಕ್ಕೇ ಕಾದಿದ್ದ. ಇಲ್ಲಿಗೆ ಬಂದವರೆಲ್ಲ ಮೊದಲು ಕೇಳೋದು ಒಂದೇ. ನಮ್ಮ ತೊಟ್ಟಿಗೆ ಹೊಂದ್ಕೊಳ್ಳುತ್ತಾ, ನಮ್ಮ ಹವಳ ಕಚ್ಚುತ್ತಾ, ಅಂತ. ಇವನು ಅದ್ಯಾವುದೂ ಕೇಳಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದ. ಬಿಲದಲ್ಲಿ ಒಂದು ಮುಖ. ಇದೇ ಮುಖ ಬೇಕು ಅಂದ."

"ಕೊಟ್ರಾ?"

"ತೊಟ್ಟಿ ಎಷ್ಟು ದೊಡ್ಡದು ಅಂದೆ. ಕೈ ಅಗಲಿಸಿ ತೋರಿಸಿದ. ಅಷ್ಟರಲ್ಲಿ ಇದು ಬದುಕಲ್ಲ ಅಂದೆ. ಒಂದು ವಾರ ಉಸಿರಾಡಿದ್ರೆ ಸಾಕು ಅಂದ. ಮೈಯೆಲ್ಲ ಉರಿದುಹೋಯ್ತು. ಕೊಡಬಾರದಿತ್ತು ಮೇಡಂ. ಕೊಟ್ಟುಬಿಟ್ಟೆ."

"ಹೇಗೆ ಒಯ್ದ?"

"ಐಸ್‌ಕ್ರೀಮ್ ವ್ಯಾನಲ್ಲಿ. ಚೀಲ ಇಡೋಕೆ ಹಿಂದಿನ ಬಾಗಿಲು ತೆಗೆದ. ಒಳಗಿಂದ ಬಿಳೀ ಹೊಗೆ ಇಳೀತು. ಮೇಲೆ ಹೋಗಲಿಲ್ಲ. ನೆಲ ಹಿಡಿದು ಹರೀತಾ ಬಂದು ನನ್ನ ಕಾಲು ಸುತ್ತಿಕೊಂಡಿತು. ತಣ್ಣಗೆ. ಅಲ್ಲಿಟ್ರೆ ಉಸಿರುಕಟ್ಟಿ ಸಾಯುತ್ತೆ, ಮುಂದಿನ ಸೀಟಲ್ಲಿಟ್ಕೊಳ್ಳಿ ಅಂದೆ." ಅವಳು ಧ್ವನಿ ತಗ್ಗಿಸಿದಳು. "ಅವನು ನನ್ನನ್ನ ನೋಡಿದ ನೋಟ ಇದೆಯಲ್ಲಾ, ಈಗ್ಲೂ ಒಬ್ಬಳೇ ಇದ್ದಾಗ ಜ್ಞಾಪಕಕ್ಕೆ ಬರುತ್ತೆ."

ಇನ್‌ಸ್ಪೆಕ್ಟರ್ ಆಗಲೇ ಬಾಗಿಲ ಬಳಿ ಇದ್ದಳು. "ಏಪ್ರನ್ ಬಿಚ್ಚಿ. ನಮ್ಮ ಜೊತೆ ಬನ್ನಿ."

ದಾರಿಯಲ್ಲಿ ದಫೇದಾರ ಐಸ್‌ಕ್ರೀಮ್ ಡಿಪೋಗೆ ಫೋನ್ ಮಾಡಿದ. ಎರಡೇ ಪ್ರಶ್ನೆ. ಉತ್ತರ ಕೇಳಿ ಇನ್‌ಸ್ಪೆಕ್ಟರ್‌ಗೆ ತಲೆಯಾಡಿಸಿದ.

*

ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಟೀಚರ್ ಮಂಚದ ಅಂಚಿನಲ್ಲಿ ಕೂತಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ, ಜೊತೆಗೆ ಇಬ್ಬರು ದಾದಿಯರು. ತಮ್ಮ ಅತ್ತಿಗೆಯ ಬಟ್ಟೆಯ ಚೀಲ ಹಿಡಿದು ನಿಂತಿದ್ದ.

"ಸರಿಯಾದ ಹೊತ್ತಿಗೆ ಬಂದ್ರಿ ಮೇಡಂ. ನೀವೇ ಹೇಳಿ, ಮೀನು ಬದಲಾಗಿದೆ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗೋದು ಬುದ್ಧಿ ನೆಟ್ಟಗಿರೋರು ಮಾಡೋ ಕೆಲಸವಾ?"

"ಬದಲಾಗಿಲ್ವಾ?"

"ಅದೇ ಮೀನು. ನಾನೂ ದಿನಾ ನೋಡಿದ್ದೀನಿ."

"ಬಾಲ ಹೇಗಿತ್ತು?"

"ಬಾಲಕ್ಕೇನು? ಮೈ ಹೇಗಿದೆಯೋ ಹಾಗೇ. ಕಂದು."

"ಚುಕ್ಕೆ?"

"ಎಂಥ ಚುಕ್ಕೆ? ಏನೂ ಇರಲಿಲ್ಲ."

ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದಳು. ಅಂಗಡಿಯಾಕೆ ಒಳಗೆ ಬಂದಳು. ತಮ್ಮನ ಕೈಯಿಂದ ಚೀಲ ಜಾರಿ ಬಿತ್ತು.

"ಇವರೇ," ಎಂದಳು ಅಂಗಡಿಯಾಕೆ. ತೊಟ್ಟಿ ನೋಡಿ ಹಲ್ಲು ಕಚ್ಚಿದಳು. "ಅದೂ ನನ್ನದೇ."

"ಡಾಕ್ಟರಮ್ಮ, ನೀವೂ ಕೇಳಿ," ಎಂದಳು ಇನ್‌ಸ್ಪೆಕ್ಟರ್. "ಅತ್ತಿಗೆ ಊರಲ್ಲಿರಲಿಲ್ಲ. ಅಣ್ಣ ನಿದ್ದೆ ಹೋದ ಮೇಲೆ ಇವನು ಮಂಚದ ಕೆಳಗೆ ಡ್ರೈ ಐಸ್ ಜಾರಿಸಿದ. ಐಸ್‌ಕ್ರೀಮ್ ಕರಗದ ಹಾಗೆ ಇಡುತ್ತಾರಲ್ಲ, ಅದು. ಕರಗಿ ನೀರಾಗುವುದಿಲ್ಲ, ಗಾಳಿಯಾಗುತ್ತೆ. ಭಾರವಾದ ಗಾಳಿ. ಮುಚ್ಚಿದ ಕೋಣೆಯಲ್ಲಿ ನೆಲದಿಂದ ತುಂಬುತ್ತಾ ಮಲಗಿದವರ ಮೂಗಿನವರೆಗೆ ಬಂತು. ಅವರು ಏಳಲೇ ಇಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ಎಲ್ಲಾ ಮಾಯ. ಉಳಿದದ್ದು ಚಳಿಗೆ ಬಿರುಕು ಬಿಟ್ಟ ನೆಲಹಾಸು. ಆ ಸಂಜೆ ಇವನು ಡಿಪೋದಿಂದ ಹೆಚ್ಚಿಗೆ ಒಂದು ಪೆಟ್ಟಿಗೆ ಡ್ರೈ ಐಸ್ ಮನೆಗೆ ಒಯ್ದಿದ್ದಾನೆ."

"ಮೀನು?" ಡಾಕ್ಟರಮ್ಮ ಕೇಳಿದರು.

"ಪಂಪು ಅದೇ ಗಾಳಿಯನ್ನ ನೀರಿಗೆ ತುಂಬಿತು. ಬಸವನಹುಳುಗಳು ಮೇಲೆ ಹತ್ತಿ ಹೇಗೋ ಉಳಿದವು. ಮೀನು ಸತ್ತಿತು. ಅಣ್ಣನೂ ಸತ್ತಿದ್ದಾನೆ, ಪಕ್ಕದಲ್ಲಿ ಮೀನೂ ಸತ್ತಿದೆ ಅಂದ್ರೆ ಯಾರಾದರೂ ಮೊದಲು ಕೇಳೋದು ಕೋಣೆಯ ಗಾಳಿಗೆ ಏನಾಯ್ತು ಅಂತ. ಅದಕ್ಕೇ ಇವನು ಹೊಸ ಮೀನು ತಂದ. ಅಷ್ಟರಲ್ಲಿ ನೀರಿನ ಕೆಟ್ಟ ಗಾಳಿ ಹೊರಗೆ ಹೋಗಿತ್ತು, ಹೊಸದು ಬದುಕಿತು. ಆದರೆ ಇವನು ನೋಡಿದ್ದು ಬರೀ ಮುಖ. ಮುಖ ನೋಡಿಯೇ ಕೊಂಡ. ಈ ತೊಟ್ಟಿಗೆ ಯಾವುದು ಹೊಂದುತ್ತೆ ಅಂತ ಗಂಡ ಹೆಂಡತಿ ತಿಂಗಳುಗಟ್ಟಲೆ ಯೋಚಿಸಿ ಬೇಡ ಅಂತ ಬಿಟ್ಟಿದ್ದರಲ್ಲ, ಅದೇ ಜಾತಿಯನ್ನ ಮನೆಗೆ ತಂದ. ಅದು ಹಸಿದು ಹವಳಕ್ಕೆ ಬಾಯಿ ಹಾಕಿತು."

ತಮ್ಮನ ಮುಖದಲ್ಲಿ ಬೆವರಿಳಿಯುತ್ತಿತ್ತು. ಅವನು ತೊಟ್ಟಿಗೆ ಬೆನ್ನು ಮಾಡಿ ನಿಂತ.

"ಮನೆ ಮಾರೋಣ ಅಂದೆ. ಒಪ್ಪಲೇ ಇಲ್ಲ. ನನ್ನ ಅರ್ಧ ನಂಗೆ ಬೇಕಿತ್ತು." ಅವನು ಮುಖ ಒರೆಸಿಕೊಂಡ. "ಬೆಳಿಗ್ಗೆ ಅಣ್ಣನ ಮುಖ ನೋಡೋಕಾಯ್ತು. ಅದರ ಮುಖ ನೋಡೋಕಾಗಲಿಲ್ಲ. ಬಿಲದಲ್ಲೇ ಸತ್ತಿತ್ತು. ಸತ್ತೂ ನನ್ನನ್ನೇ ನೋಡ್ತಿತ್ತು."

ದಫೇದಾರ ಅವನ ರಟ್ಟೆ ಹಿಡಿದ. ಹೊರಗೆ ನಡೆಸಿಕೊಂಡು ಹೋದ.

ಅವರು ಹೋದ ಮೇಲೆ ಕೋಣೆಯಲ್ಲಿ ಪಂಪಿನ ಸದ್ದು ಮಾತ್ರ ಉಳಿಯಿತು. ಆ ಮೀನನ್ನು ದೊಡ್ಡ ತೊಟ್ಟಿಗೆ ಬಿಡುತ್ತೇನೆಂದು ಅಂಗಡಿಯಾಕೆ ನೀರಿನ ಚೀಲ ತರಲು ಹೊರಗೆ ಹೋದಳು. ಡಾಕ್ಟರಮ್ಮ ದಾದಿಯರಿಗೆ ಸನ್ನೆ ಮಾಡಿದರು. ಆಂಬುಲೆನ್ಸ್ ಖಾಲಿಯಾಗಿ ಹೊರಟಿತು.

ಟೀಚರ್ ಕೂತಲ್ಲಿಂದ ಕದಲಿರಲಿಲ್ಲ.

"ಅಮ್ಮಾ, ಮುಗೀತು. ನಿಮಗೆ ಏನೂ ಆಗಿಲ್ಲ. ನೀವು ಹೇಳಿದ್ದೆಲ್ಲಾ ನಿಜ."

"ಇನ್ನು ಯಾರೂ ಬರಲ್ಲ ಅಲ್ವಾ, ಕರ್ಕೊಂಡು ಹೋಗೋಕೆ?"

"ಯಾರೂ ಬರಲ್ಲ."

ಅವಳು ಮಂಚದ ಮೇಲಿನ ಗಂಡನ ದಿಂಬನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಅತ್ರೆ ಹುಚ್ಚು ಅಂತಾರೆ ಅಂತ ಇಷ್ಟು ದಿನ ಹಲ್ಲು ಕಚ್ಚಿ ಕೂತಿದ್ದೆ ಮೇಡಂ. ಈಗ ಅಳಬಹುದಾ?"

ಇನ್‌ಸ್ಪೆಕ್ಟರ್ ಎದ್ದು ಬಾಗಿಲು ಮುಚ್ಚಿ ಬಂದು ಅವಳ ಪಕ್ಕದಲ್ಲಿ ಕೂತಳು.